ಕಟಾನಾ ನೋಡಿ ಒಡಿಕತ್ತಿ ಕೆಡಿಸಿದೆ

ಹೋದ ಸೆಮಿಸ್ಟರ್‌ನಲ್ಲಿ ಮೆಟೀರಿಯಲ್ ಸೈನ್ಸ್ ವಿಷಯಕ್ಕೆ ಒಂದು ಸೆಮಿನಾರ್ ಕೊಡಬೇಕಿತ್ತು. ನಾನು ಹಿಂದೆಮುಂದೆ ನೋಡದೆ ಜಪಾನಿನ ಕತ್ತಿಯನ್ನು ಆರಿಸಿಕೊಂಡೆ. ಅನಿಮೆ ನೋಡುವ ಹುಡುಗರಿಗೆ ಕಾರಣ ಹೇಳಬೇಕಿಲ್ಲ. ಇಪ್ಪತ್ತೆರಡು ಸ್ಲೈಡ್ ಮಾಡಿ, ಕಟಾನಾ ತಯಾರಿಕೆಯ ವಿಡಿಯೊ ತುಣುಕುಗಳನ್ನೂ ಸೇರಿಸಿದ್ದೆ. ಕೊನೆಯ ಸ್ಲೈಡಿನಲ್ಲಿ ದೊಡ್ಡ ಅಕ್ಷರದಲ್ಲಿ, ‘ಬಾಯಿ ಗಟ್ಟಿ, ಬೆನ್ನು ಮೆತ್ತಗೆ: ಇಂಥ ಹದ ಜಪಾನೀಯರಿಗೆ ಮಾತ್ರ ಗೊತ್ತಿತ್ತು’ ಎಂದು ಬರೆದಿದ್ದೆ.

ಪಾಠ ಮಾಡುವ ಸರ್ ಕೇಳಿದರು: ‘ನಿಮ್ಮೂರು ಯಾವುದಪ್ಪ?’

‘ಬಿಳಿಕೆರೆ ಸರ್, ಹುಣಸೂರು ತಾಲ್ಲೂಕು.’

‘ಅಲ್ಲಿ ಕುಡುಗೋಲು ಮಾಡೋರು ಇದಾರಾ? ಹೋಗಿ ಒಂದು ಕುಡುಗೋಲಿನ ಬೆನ್ನಿಗೂ ಬಾಯಿಗೂ ಅರ ಹಾಕಿ ಉಜ್ಜಿ ನೋಡು. ಆಮೇಲೆ ಆ ‘ಮಾತ್ರ’ ಅನ್ನೋ ಪದ ಇಟ್ಕೊಳ್ಳೋದೋ ಬೇಡವೋ ಯೋಚನೆ ಮಾಡು.’

ಕ್ಲಾಸು ನಕ್ಕಿತು. ಮಾರ್ಕ್ಸ್ ಚೆನ್ನಾಗಿಯೇ ಬಂತು, ಹಾಗಾಗಿ ಊರಿಗೆ ಹೋದಾಗ ಅರ ಹಾಕಿ ನೋಡುವ ಗೋಜಿಗೆ ನಾನು ಹೋಗಲಿಲ್ಲ. ಹೋಗಿದ್ದರೆ ಮುಂದಿನ ಅನಾಹುತ ತಪ್ಪುತ್ತಿತ್ತು.

ಸೆಮಿನಾರಿನಲ್ಲಿ ತಪ್ಪಿದ್ದು ಕೊನೆಯ ಸ್ಲೈಡು ಮಾತ್ರ. ಉಳಿದದ್ದನ್ನು ಈಗಲೂ ಧೈರ್ಯವಾಗಿ ಹೇಳಬಲ್ಲೆ. ಸಿನಿಮಾದಲ್ಲಿ ಕಾಣುವ ಆ ಬಾಗಿದ ಕತ್ತಿ ಜಪಾನಿನಲ್ಲಿ ಮೊದಲಿನಿಂದಲೂ ಇದ್ದದ್ದಲ್ಲ. ಅವರ ಹಳೆಯ ಕತ್ತಿಗಳು ನೇರ. ಚೀನಾ, ಕೊರಿಯಾ ಕಡೆಯಿಂದ ಬಂದ ಮಾದರಿ. ಅವನ್ನು ಚೊಕುತೊ ಎನ್ನುತ್ತಾರೆ. ಕುದುರೆಯ ಮೇಲೆ ಕುಳಿತು ಹೋರಾಡುವುದು ಹೆಚ್ಚಾದ ಹೆಯಾನ್ ಕಾಲದಲ್ಲಿ, ಸುಮಾರು 10ನೇ ಶತಮಾನದ ಹೊತ್ತಿಗೆ, ಕತ್ತಿ ಬಾಗಿತು. ಓಡುವ ಕುದುರೆಯ ಮೇಲಿನಿಂದ ನೇರ ಕತ್ತಿಯಲ್ಲಿ ಹೊಡೆದರೆ ಏಟು ಕೈಗೇ ವಾಪಸು ಬರುತ್ತದೆ, ಬಾಗಿದ ಅಲಗಾದರೆ ಜಾರುತ್ತಾ ಕೊಯ್ಯುತ್ತಾ ಹೋಗುತ್ತದೆ. ಆ ಉದ್ದನೆಯ ಕತ್ತಿಗೆ ತಾಚಿ ಎಂದು ಹೆಸರು. ಅದನ್ನು ಬಾಯಿ ಕೆಳಗಾಗಿ ಸೊಂಟಕ್ಕೆ ನೇತುಹಾಕುತ್ತಿದ್ದರು.

ಮುಂದೆ ಮುರೊಮಾಚಿ ಕಾಲಕ್ಕೆ ಕಾಲಾಳುಗಳ ಯುದ್ಧ ಹೆಚ್ಚಾಯಿತು. ನೆಲದ ಮೇಲೆ ನಿಂತವನಿಗೆ ಅಷ್ಟುದ್ದದ ಕತ್ತಿ ಭಾರವೇ. ಕತ್ತಿ ಗಿಡ್ಡವಾಯಿತು, ಬಾಯಿ ಮೇಲಾಗಿ ಸೊಂಟಪಟ್ಟಿಗೆ ಸೇರಿತು. ಹಾಗಿಟ್ಟರೆ ಒರೆಯಿಂದ ಎಳೆಯುವುದೂ ಹೊಡೆಯುವುದೂ ಒಂದೇ ಚಲನೆ. ಕಟಾನಾ ಎಂದರೆ ಇದೇ. ಎಷ್ಟೋ ಹಳೆಯ ತಾಚಿಗಳನ್ನು ಹಿಡಿಯ ಕಡೆಯಿಂದ ಕತ್ತರಿಸಿ ಗಿಡ್ಡ ಮಾಡಿಸಿಕೊಂಡರು. ಕಮ್ಮಾರ ತನ್ನ ಹೆಸರು ಕೊರೆಯುತ್ತಿದ್ದದ್ದು ಹಿಡಿಯೊಳಗಿನ ಆ ಭಾಗದಲ್ಲೇ. ಹೀಗಾಗಿ ಒಳ್ಳೊಳ್ಳೆಯ ಕತ್ತಿಗಳು ಮಾಡಿದವನ ಹೆಸರು ಕಳೆದುಕೊಂಡು ಉಳಿದಿವೆ. ಹಳೆಯದನ್ನು ಇಂದಿನ ಕೈಗೆ ಹೊಂದಿಸಿಕೊಳ್ಳುವಾಗ ಏನೋ ಒಂದು ಕಳೆದೇ ಹೋಗುತ್ತದೆ. ಅದು ನನಗೆ ಅರ್ಥವಾಗಿದ್ದು ಆಮೇಲೆ.

ಇನ್ನು ಹದದ ವಿಷಯ. ಜಪಾನಿನ ಕಮ್ಮಾರ ಕಬ್ಬಿಣದ ಮರಳನ್ನು ಇದ್ದಿಲಿನ ಜೊತೆ ತತಾರ ಎಂಬ ಮಣ್ಣಿನ ಕುಲುಮೆಯಲ್ಲಿ ಮೂರು ಹಗಲು ಮೂರು ರಾತ್ರಿ ಉರಿಸಿ ಉಕ್ಕು ಪಡೆಯುತ್ತಾನೆ. ಅದು ಪೂರ್ತಿ ಕರಗದ ಗಟ್ಟಿ. ಒಂದು ಕಡೆ ಇಂಗಾಲ ಹೆಚ್ಚು, ಇನ್ನೊಂದು ಕಡೆ ಕಡಿಮೆ, ನಡುವೆ ಕಿಟ್ಟ. ಅದನ್ನು ಸಮ ಮಾಡುವುದಕ್ಕೇ ತಟ್ಟುವುದು, ಮಡಚುವುದು, ಮತ್ತೆ ತಟ್ಟುವುದು. ಹತ್ತು ಹದಿನೈದು ಸಲ ಮಡಚಿದರೆ ಪದರಗಳು ಸಾವಿರ ದಾಟುತ್ತವೆ. ‘ಸಾವಿರ ಪದರದ ಮಾಯೆ’ ಎಂದು ವಿಡಿಯೊಗಳಲ್ಲಿ ಹೇಳುತ್ತಾರೆ. ಮಾಯೆ ಏನಿಲ್ಲ, ನಮ್ಮ ಮನೆಯಲ್ಲಿ ರಾಗಿಮುದ್ದೆ ಗಂಟಾಗದಂತೆ ತಿರುವುವ ಕೆಲಸವೇ ಅದು.

ಕೊನೆಗೆ ಅಲಗಿಗೆ ಜೇಡಿಮಣ್ಣು ಬಳಿಯುತ್ತಾರೆ, ಬೆನ್ನಿಗೆ ದಪ್ಪ, ಬಾಯಿಗೆ ತೆಳು. ಕೆಂಪಗೆ ಕಾಯಿಸಿ ನೀರಿಗೆ ಅದ್ದಿದಾಗ ಬಾಯಿ ತಟ್ಟನೆ ತಣ್ಣಗಾಗಿ ಮಾರ್ಟೆನ್‌ಸೈಟ್ ಎಂಬ ಗಟ್ಟಿ ರಚನೆಯಾಗುತ್ತದೆ. ಮಣ್ಣು ಹೊದ್ದ ಬೆನ್ನು ನಿಧಾನಕ್ಕೆ ತಣಿದು ಮೆತ್ತಗೆ ಉಳಿಯುತ್ತದೆ. ಮಾರ್ಟೆನ್‌ಸೈಟ್ ಆಗುವಾಗ ಉಕ್ಕು ಸ್ವಲ್ಪ ಹಿಗ್ಗುತ್ತದೆ. ಬಾಯಿ ಹಿಗ್ಗಿತು, ಬೆನ್ನು ಹಿಗ್ಗಲಿಲ್ಲ, ಕತ್ತಿ ಬೆನ್ನಿನ ಕಡೆಗೆ ಬಾಗಿತು. ಕಟಾನಾದ ಬಾಗಿನಲ್ಲಿ ಕಮ್ಮಾರನ ಸುತ್ತಿಗೆಯ ಪಾಲಿನ ಜೊತೆಗೆ ನೀರಿನ ತೊಟ್ಟಿಯ ಪಾಲೂ ಇದೆ. ಇದನ್ನು ಓದಿದ ದಿನ ನಾನು ರಾತ್ರಿ ಒಂದು ಗಂಟೆಗೆ ರೂಮ್‌ಮೇಟ್‌ನನ್ನು ಎಬ್ಬಿಸಿ ಹೇಳಿದ್ದೆ. ಅವನು ಬೈದು ಮಲಗಿದ.

ಆ ರೂಮ್‌ಮೇಟ್ ವಿರಾಜಪೇಟೆ ಕಡೆಯ ಕೊಡವರ ಹುಡುಗ. ಫೆಬ್ರುವರಿಯಲ್ಲಿ ಎರಡು ದಿನ ರಜೆ ಸಿಕ್ಕಾಗ ಅವರ ಐನ್‌ಮನೆಗೆ ಕರೆದುಕೊಂಡು ಹೋದ. ಅಲ್ಲಿ ಗೋಡೆಯ ಮೇಲೆ ಒಡಿಕತ್ತಿ ಇತ್ತು.

ಒಡಿಕತ್ತಿ ನೋಡದವರಿಗಾಗಿ ಹೇಳುತ್ತೇನೆ. ಅದು ಕಟಾನಾಕ್ಕೆ ಪೂರ್ತಿ ತಿರುವುಮುರುವು. ಕಟಾನಾದ ಹರಿತ ಹೊರಬಾಗಿನಲ್ಲಿ, ಒಡಿಕತ್ತಿಯದು ಕುಡುಗೋಲಿನಂತೆ ಒಳಬಾಗಿನಲ್ಲಿ. ಹಿಡಿಯ ಹತ್ತಿರ ಕಿರಿದಾಗಿ ಹೊರಟು, ಮುಂದಕ್ಕೆ ಬಾಗುತ್ತಾ ಅಗಲವಾಗುತ್ತದೆ. ತೂಕವೆಲ್ಲ ಮುಂದೆ. ಬೀಸಿದಾಗ ಕತ್ತಿಯೇ ಕೈಯನ್ನು ಎಳೆದುಕೊಂಡು ಹೋಗುತ್ತದೆ. ಒಳಬಾಗು ಕೊಂಬೆಯನ್ನೋ ಬಳ್ಳಿಯನ್ನೋ ತಬ್ಬಿ ಹಿಡಿಯುವುದರಿಂದ ಏಟು ಜಾರುವುದಿಲ್ಲ. ನೇಪಾಳದ ಕುಕ್ರಿಯೂ ಇದೇ ಜಾತಿಯದು. ಕುದುರೆ ಓಡಿಸುವ ಬಯಲಿನಲ್ಲಿ ಹುಟ್ಟಿದ ಆಕಾರ ಅದು. ಬಿದಿರು ಮೆಳೆಯ ಸಂದಿಯಲ್ಲಿ ಕೈಗೆ ಕೈ ಸೇರಿಸಿ ಹೋರಾಡುವ ಕಾಡಿನಲ್ಲಿ ಹುಟ್ಟಿದ ಆಕಾರ ಇದು. ಇದನ್ನು ಸೊಂಟದ ಹಿಂದೆ, ತೊಡಂಗ್ ಎಂಬ ಹಿತ್ತಾಳೆಯ ಕೊಂಡಿಗೆ ಒರೆಯಿಲ್ಲದೆ ಬರಿ ಅಲಗನ್ನೇ ಸಿಕ್ಕಿಸಿಕೊಳ್ಳುತ್ತಾರೆ. ಮುಂದುಗಡೆ ಕೆಂಪು ಚೇಲೆಗೆ ಸಿಕ್ಕಿಸುವ ಬೆಳ್ಳಿ ಕಟ್ಟಿನ ಚಿಕ್ಕ ಕತ್ತಿ ಬೇರೆ, ಅದು ಪೀಚೆಕತ್ತಿ.

ಕಟಾನಾ ಕಾಲಕ್ಕೆ ತಕ್ಕಂತೆ ರೂಪ ಬದಲಿಸಿತು. ಒಡಿಕತ್ತಿ ಯುದ್ಧ ನಿಂತ ಮೇಲೂ ರೂಪ ಉಳಿಸಿಕೊಂಡದ್ದು ಮದುವೆ, ಹಬ್ಬಗಳಿಂದ. ಕೈಲ್‌ಪೋಳ್ದ್ ಹಬ್ಬದಲ್ಲಿ ಕೋವಿಯ ಜೊತೆ ಇದಕ್ಕೂ ತೋಕ್ ಪೂ ಇಟ್ಟು ಪೂಜೆ. ಮದುವೆಯಲ್ಲಿ ನೆಟ್ಟ ಬಾಳೆದಿಂಡುಗಳನ್ನು ಇದರಲ್ಲೇ ಒಂದೊಂದೇ ಏಟಿಗೆ ಕಡಿಯಬೇಕು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ಶಸ್ತ್ರ ಕಾಯ್ದೆಯ ವಿನಾಯಿತಿ ಪತ್ರಿಕೆಗಳಲ್ಲಿ ಆಗಾಗ ಸುದ್ದಿಯಾಗುವುದು ಕೋವಿಯ ಕಾರಣಕ್ಕೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಕತ್ತಿಯ ಬಗ್ಗೆ ಯಾರೂ ಅಷ್ಟು ಮಾತಾಡುವುದಿಲ್ಲ.

ಗೋಡೆಯ ಮೇಲಿದ್ದ ಆ ಕತ್ತಿಯ ಬಾಯಿಗೆ ಅಲ್ಲಲ್ಲಿ ತುಕ್ಕು ಹಿಡಿದಿತ್ತು. ಏಪ್ರಿಲ್‌ನಲ್ಲಿ ಗೆಳೆಯನ ಅಣ್ಣನ ಮದುವೆ. ‘ಹರಿತ ಮಾಡಿಸಬೇಕು’ ಎಂದು ಅವನ ದೊಡ್ಡಪ್ಪ ಹೇಳಿದ್ದೇ ತಡ, ನಾನು ‘ನಾವೇ ಮಾಡ್ತೀವಿ ಅಂಕಲ್, ಮೆಕ್ಯಾನಿಕಲ್ ಅಲ್ವಾ’ ಅಂದೆ. ತೋಟದ ಶೆಡ್ಡಿನಲ್ಲಿ ಆ್ಯಂಗಲ್ ಗ್ರೈಂಡರ್ ಇತ್ತು. ದೊಡ್ಡಪ್ಪ ಪೇಟೆಗೆ ಹೋಗಿದ್ದರು.

ಅರ್ಧ ನಿಮಿಷವೂ ಆಗಿರಲಿಲ್ಲ. ಕಿಡಿ ಹಾರುತ್ತಿದ್ದ ಜಾಗದಲ್ಲಿ ಅಲಗು ಮೊದಲು ಹುಲ್ಲಿನ ಹಳದಿಯಾಯಿತು, ಆಮೇಲೆ ಕಂದು, ನೇರಳೆ, ನೋಡನೋಡುತ್ತಿದ್ದಂತೆ ನೀಲಿ. ನಾಲ್ಕು ಬೆರಳು ಉದ್ದಕ್ಕೆ ನವಿಲಿನ ಕತ್ತಿನ ಬಣ್ಣ. ಗೆಳೆಯ ‘ಸೂಪರಾಗಿದೆ ಮಗಾ’ ಅಂದ. ನನಗೆ ಮಾತ್ರ ಹೊಟ್ಟೆಯಲ್ಲಿ ಕಲ್ಲು ಬಿದ್ದಂತಾಯಿತು. ಯಾಕೆಂದರೆ ಈ ಬಣ್ಣಗಳ ಪಟ್ಟಿ ನನ್ನ ಸೆಮಿನಾರಿನ ಹದಿನಾಲ್ಕನೇ ಸ್ಲೈಡಿನಲ್ಲಿತ್ತು. ಹಳದಿ ಅಂದರೆ ಸುಮಾರು 220 ಡಿಗ್ರಿ, ನೀಲಿ ಅಂದರೆ 300ರ ಆಸುಪಾಸು. ಅಷ್ಟು ಕಾದರೆ ಬಾಯಿಯ ಹದ ಇಳಿದುಹೋಗುತ್ತದೆ. ಸ್ಲೈಡ್ ಮಾಡಿದ್ದು ನಾನೇ, ಗ್ರೈಂಡರ್ ಹಿಡಿದದ್ದೂ ನಾನೇ.

ಸಂಜೆ ದೊಡ್ಡಪ್ಪ ನೋಡಿದರು. ಬೈಯಲಿಲ್ಲ, ಅದೇ ಕಷ್ಟವಾಗಿದ್ದು. ‘ನಮ್ಮ ಮನೆಗೆ ಬರ್ತಿದ್ದ ಐರಿ ತೀರಿಹೋಗಿ ಹತ್ತು ವರ್ಷ ಆಯ್ತು. ಅವರ ಮಕ್ಕಳು ಬೆಂಗಳೂರಲ್ಲಿದ್ದಾರೆ’ ಎಂದಷ್ಟೇ ಹೇಳಿದರು. ಐರಿ ಎಂದರೆ ಕೊಡಗಿನಲ್ಲಿ ಮರಗೆಲಸ, ಕಮ್ಮಾರಿಕೆ ಮಾಡುತ್ತಾ ಬಂದ ಸಮುದಾಯ. ಅಂಗಡಿಯಲ್ಲಿ ಹೊಸ ಒಡಿಕತ್ತಿ ಸಿಗುತ್ತದೆ, ಫಳಫಳ ಹೊಳೆಯುತ್ತದೆ. ‘ಅದು ಫೋಟೊಕ್ಕೆ’ ಅಂದರು.

ಮುಂದಿನ ವಾರ ಅವರು ಮೈಸೂರಿಗೆ ಹೋಗುವ ಕೆಲಸವಿತ್ತು. ದಾರಿಯಲ್ಲೇ ಬಿಳಿಕೆರೆ. ಕೆ.ಆರ್. ನಗರದ ಕಡೆಗೆ ರಸ್ತೆ ಒಡೆಯುವುದೂ ಅಲ್ಲೇ. ನಮ್ಮ ಮನೆಗೆ ಕುಡುಗೋಲು, ಮಚ್ಚು, ಗುದ್ದಲಿ ತಟ್ಟಿಕೊಡುವ ಆಚಾರ್ರ ಕುಲುಮೆ ಊರ ಹೊರಗಿದೆ. ಬಟ್ಟೆಯಲ್ಲಿ ಸುತ್ತಿದ್ದ ಕತ್ತಿಯನ್ನು ಜೀಪಿನಿಂದ ಇಳಿಸಿ ಅವರ ಮುಂದಿಟ್ಟೆವು.

ಆಚಾರ್ರು ಏನೂ ಕೇಳದೆ ಒಂದು ಹಳೆಯ ಅರ ತೆಗೆದುಕೊಂಡು ಬಾಯಿಯ ಮೇಲೆ ಎಳೆದರು. ಅರ ಜರ್ರನೆ ಜಾರಿತು. ನೀಲಿ ಜಾಗಕ್ಕೆ ಬಂದಾಗ ಕಚ್ಚಿಕೊಂಡಿತು. ಬೆನ್ನಿಗೆ ಎಳೆದರು, ಅಲ್ಲೂ ಕಚ್ಚಿತು. ಸರ್ ನನಗೆ ಹೇಳಿದ್ದ ಪರೀಕ್ಷೆ ಇದೇ. ಬಾಯಿ ಗಟ್ಟಿ, ಬೆನ್ನು ಮೆತ್ತಗೆ.

‘ಯಾರ್ಲಾ ಇದನ್ನ ಸುಟ್ಟಿದ್ದು?’

‘ನಾನೇ ಆಚಾರ್ರೇ.’

‘ಓದಿದ್ದೀಯ ಅಂತ ಗೊತ್ತಾಯ್ತದೆ ಬಿಡು’ ಅಂದರು. ಗೆಳೆಯ ಇವತ್ತಿಗೂ ಈ ಮಾತು ಹೇಳಿ ನನ್ನನ್ನು ರೇಗಿಸುತ್ತಾನೆ.

ಮತ್ತೆ ಕಾಯಿಸಿ ನೀರಿಗೆ ಹಾಕಿದರೆ ಹದ ಬರುತ್ತದಲ್ಲ ಎಂದು ನಾನು ಕೇಳಿದೆ. ಅವರು ಒಪ್ಪಲಿಲ್ಲ. ‘ಇದು ಹಳೇ ಉಕ್ಕು, ಲಾರಿ ಕಮಾನು ಪಟ್ಟಿ ಅಲ್ಲ. ಇದರ ಗುಣ ಮಾಡ್ದೋನಿಗೆ ಗೊತ್ತು, ನಂಗೊತ್ತಿಲ್ಲ. ನೀರಿಗೆ ಹಾಕ್ದಾಗ ಟಣ್ ಅಂತ ಸೀಳಿಬಿಟ್ರೆ ಏನ್ ಮಾಡ್ತೀಯ?’ ಅವರು ಹೇಳಿದ ದಾರಿ ಬೇರೆ. ಸುಟ್ಟಿರುವುದು ತುದಿಯ ತೆಳುವಾದ ಅಂಚು ಮಾತ್ರ. ಅದನ್ನು ಕಾವು ತಗುಲದಂತೆ ನೀರು ಹಾಕಿ ಕಲ್ಲಿನಲ್ಲಿ ಕೈಯಿಂದ ಉಜ್ಜಿ ತೆಗೆಯಬೇಕು, ಒಳಗೆ ಹದವಿರುವ ಉಕ್ಕು ಸಿಗುವವರೆಗೆ. ಆ ಜಾಗ ಮಾತ್ರ ಹಳ್ಳ ಬೀಳದ ಹಾಗೆ ಇಡೀ ಬಾಗನ್ನೂ ಅಷ್ಟೇ ಸವೆಸಬೇಕು. ಒಳಬಾಗಿಗೆ ಚಪ್ಪಟೆ ಸಾಣೆಕಲ್ಲು ಕೂರುವುದಿಲ್ಲ, ಉರುಟಾದ ತುಂಡು ಬೇಕು. ಅದನ್ನೂ ಅವರೇ ಹುಡುಕಿ ಕೊಟ್ಟರು. ಕತ್ತಿಯನ್ನು ಅವರ ಹತ್ತಿರವೇ ಬಿಟ್ಟು ಹೋಗಲು ದೊಡ್ಡಪ್ಪ ಒಪ್ಪಿದರು. ಒಂದು ಶನಿವಾರ, ಒಂದು ಭಾನುವಾರ ನಾನೂ ಗೆಳೆಯನೂ ಕುಲುಮೆಯಲ್ಲೇ ಕುಳಿತು ಉಜ್ಜಿದೆವು.

ಆಚಾರ್ರ ಬಾಯಲ್ಲಿ ಬಂದ ಆ ‘ಉಕ್ಕು’ ಪದ ನನ್ನ ತಲೆಯಲ್ಲಿ ಸುತ್ತುತ್ತಲೇ ಇತ್ತು. ಸೆಮಿನಾರಿಗೆ ಓದುವಾಗ ಎಲ್ಲ ಇಂಗ್ಲಿಷ್ ಪುಸ್ತಕಗಳಲ್ಲೂ ‘ವೂಟ್ಜ್’ ಎಂಬ ಶಬ್ದ ಬರುತ್ತಿತ್ತು, ಜಪಾನಿಗೆ ಸಂಬಂಧವಿಲ್ಲವೆಂದು ದಾಟಿಕೊಂಡು ಹೋಗಿದ್ದೆ. ಮುಂಬಯಿಯಿಂದ ಲಂಡನ್ನಿಗೆ ಕಳಿಸಿದ ಭಾರತದ ಉಕ್ಕಿನ ಗಟ್ಟಿಗಳನ್ನು ಪರೀಕ್ಷಿಸಿ ಜಾರ್ಜ್ ಪಿಯರ್ಸನ್ 1795ರಲ್ಲಿ ರಾಯಲ್ ಸೊಸೈಟಿಗೆ ಬರೆದ ಪ್ರಬಂಧದಲ್ಲಿ ಆ ಪದವಿದೆ. ಅದು ನಮ್ಮ ‘ಉಕ್ಕು’ವಿನಿಂದಲೇ ಆದದ್ದು ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಬೆಂಗಳೂರಿನವರೇ ಆದ ಶಾರದಾ ಶ್ರೀನಿವಾಸನ್ ಮತ್ತು ಎಸ್. ರಂಗನಾಥನ್ ಇದರ ಮೇಲೆ ಒಂದು ಪುಸ್ತಕವನ್ನೇ ಬರೆದಿದ್ದಾರೆ. ವಿದ್ಯುತ್ತಿನ ಪಾಠದಲ್ಲಿ ಬರುವ ಮೈಕೆಲ್ ಫ್ಯಾರಡೆ ಕೂಡ ಈ ಉಕ್ಕಿನ ಗುಟ್ಟು ಹುಡುಕಲು ಹೊರಟವನೇ.

ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯನ್ನು ಸುತ್ತಲು ಹೊರಟ. ನಮ್ಮ ಕಮ್ಮಾರರು ಉಕ್ಕು ಮಾಡುವುದನ್ನು ಅವನು ವಿವರವಾಗಿ ಬರೆದಿದ್ದಾನೆ. ಮಣ್ಣಿನ ಸಣ್ಣ ಮೂಸೆಯೊಳಗೆ ಕಬ್ಬಿಣದ ತುಂಡು, ಅದರ ಜೊತೆ ತಂಗಡಿ ಗಿಡದ ಕಡ್ಡಿ, ಒಂದಿಷ್ಟು ಹಸಿ ಎಲೆ. ಬಾಯಿ ಮುಚ್ಚಿ, ಕುಲುಮೆಯಲ್ಲಿ ಸಾಲಾಗಿಟ್ಟು ತಿದಿ ಒತ್ತಬೇಕು. ತಂಗಡಿ ಅಂದರೆ ನಮ್ಮ ಕಡೆ ಬೇಲಿ ಬದಿಯಲ್ಲಿ ಹಳದಿ ಹೂ ಬಿಡುವ ಅದೇ ಗಿಡ. ಕಡ್ಡಿಯಲ್ಲಿನ ಇಂಗಾಲವನ್ನು ಹೀರಿಕೊಂಡ ಕಬ್ಬಿಣ ಒಳಗೇ ಕರಗಿ, ಮೂಸೆ ಒಡೆದಾಗ ಉಕ್ಕಿನ ಬಿಲ್ಲೆಯಾಗಿ ಸಿಗುತ್ತದೆ. ಇಂಥ ಮೂಸೆಗಳ ಚೂರುಗಳು ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿ ಸಿಕ್ಕಿವೆ. ಚನ್ನಪಟ್ಟಣದಲ್ಲಿ ಮಾಡುತ್ತಿದ್ದ ಉಕ್ಕಿನ ತಂತಿ ವಾದ್ಯಗಳಿಗೆಂದು ದೂರದೂರಕ್ಕೆ ಹೋಗುತ್ತಿತ್ತೆಂದೂ ಬುಕಾನನ್ ಬರೆದಿದ್ದಾನೆ. ಈಗ ಚನ್ನಪಟ್ಟಣ ಅಂದರೆ ನಮಗೆ ಗೊಂಬೆ ಮಾತ್ರ.

ಇಲ್ಲಿ ನನಗೆ ಥಟ್ಟನೆ ಹೊಳೆದದ್ದು ಹೀಗೆ. ಜಪಾನಿನವರಿಗೆ ಸಿಕ್ಕಿದ್ದು ಕರಗದ, ಏರುಪೇರಿನ ಉಕ್ಕು. ಆ ಕೊರತೆಯನ್ನು ಅವರು ಮಡಚಿ ತಟ್ಟಿ ತುಂಬಿಕೊಂಡರು. ನಮ್ಮವರದು ಮೂಸೆಯಲ್ಲೇ ಪೂರ್ತಿ ಕರಗಿ ಒಂದಾದ ಉಕ್ಕು, ಇಂಗಾಲ ಶೇ 1ರಿಂದ 2ರಷ್ಟು. ಮಡಚುವ ಅಗತ್ಯವೇ ಇರಲಿಲ್ಲ. ಹದವರಿತು ತಟ್ಟಿದರೆ ನೀರಿನ ಅಲೆಯಂಥ ಗೆರೆ ತಾನಾಗಿಯೇ ಮೂಡುತ್ತಿತ್ತು. ಪಶ್ಚಿಮ ಏಷ್ಯಾದ ಡಮಾಸ್ಕಸ್ ಕತ್ತಿ ಹೆಸರು ಮಾಡಿದ್ದು ಈ ಉಕ್ಕಿನಿಂದಲೇ. ಆ ಗೆರೆ ಮೂಡಲು ಅದಿರಿನಲ್ಲಿ ವನೇಡಿಯಂನಂಥ ಲೋಹ ಎಳ್ಳಿನಷ್ಟಾದರೂ ಇರಬೇಕೆಂದು ಅಮೆರಿಕದ ಜಾನ್ ವರ್ಹೋವನ್ ಮತ್ತು ಕಮ್ಮಾರ ಆಲ್ಫ್ರೆಡ್ ಪೆಂಡ್ರೆ 1998ರಲ್ಲಿ ಪ್ರಕಟಿಸಿದರು. ಒಬ್ಬ ಪ್ರೊಫೆಸರ್, ಒಬ್ಬ ಕಮ್ಮಾರ, ಒಂದೇ ಪ್ರಬಂಧದಲ್ಲಿ. ಇದು ನನಗೆ ಬಹಳ ಹಿಡಿಸಿತು.

ಆದರೆ ಉಕ್ಕು ಮಾಡುವ ಆ ವಿದ್ಯೆ ನಮ್ಮಲ್ಲಿ ಉಳಿಯಲಿಲ್ಲ. ವಿಲಾಯತಿಯ ಅಗ್ಗದ ಉಕ್ಕು ಹಡಗಿನಲ್ಲಿ ಬಂತು, ಇದ್ದಿಲಿಗೆ ಕಾಡು ಸಿಗದಾಯಿತು, ಕತ್ತಿ ಕೊಳ್ಳುವ ಪಾಳೇಗಾರರೂ ಇರಲಿಲ್ಲ. ಜಪಾನಿನಲ್ಲೂ ಇದೇ ಆಗುವುದರಲ್ಲಿತ್ತು. 1876ರಲ್ಲಿ ಸಾರ್ವಜನಿಕವಾಗಿ ಕತ್ತಿ ಧರಿಸುವುದನ್ನು ಅಲ್ಲಿನ ಸರ್ಕಾರವೇ ನಿಷೇಧಿಸಿತು. ಎರಡನೇ ಮಹಾಯುದ್ಧ ಮುಗಿದಾಗ ಅಮೆರಿಕನ್ನರು ಕತ್ತಿಗಳನ್ನು ಕಿತ್ತುಕೊಂಡರು. ಆದರೂ 1948ರಲ್ಲಿ ಕತ್ತಿಗಳ ರಕ್ಷಣೆಗೆಂದೇ ಸಂಘ ಹುಟ್ಟಿತು, 1977ರಲ್ಲಿ ಆ ಸಂಘ ಶಿಮಾನೆ ಪ್ರಾಂತ್ಯದಲ್ಲಿ ತತಾರ ಕುಲುಮೆಯನ್ನು ಮತ್ತೆ ಹೊತ್ತಿಸಿತು. ಇಂದು ಅಲ್ಲಿ ಕತ್ತಿ ಕಮ್ಮಾರನಾಗಬೇಕಾದರೆ ಗುರುವಿನ ಹತ್ತಿರ ಐದು ವರ್ಷ ಕಲಿತು ಲೈಸೆನ್ಸ್ ಪಡೆಯಬೇಕು, ತಿಂಗಳಿಗೆ ಎರಡಕ್ಕಿಂತ ಹೆಚ್ಚು ಉದ್ದ ಕತ್ತಿ ಮಾಡುವಂತಿಲ್ಲ. ಅವಸರಕ್ಕೆ ಕೆಡದಿರಲಿ ಎಂದು.

ಭಾನುವಾರ ಸಂಜೆ ನಾವು ಹೊರಡುವ ಹೊತ್ತಿಗೆ ಆಚಾರ್ರು ನಾಲ್ಕು ಕುಡುಗೋಲು ಹದ ಹಾಕಲು ಶುರು ಮಾಡಿದರು. ತಿದಿಯ ಜಾಗದಲ್ಲಿ ಈಗ ಕರೆಂಟಿನ ಬ್ಲೋವರ್ ಇದೆ. ಇಷ್ಟು ಹೊತ್ತು ಯಾಕೆ ಕಾದಿರಿ ಎಂದು ಕೇಳಿದೆ. ‘ಬಿಸಿಲಲ್ಲಿ ಬಣ್ಣ ಸುಳ್ಳು ಹೇಳ್ತದೆ ಮಗ. ಕತ್ತಲಾದ್ರೇನೇ ನಿಜ ಕಾಣೋದು.’ ನಾನು ಮಾತಾಡಲಿಲ್ಲ. ಜಪಾನಿನ ಕಮ್ಮಾರರೂ ಹದ ಹಾಕುವಾಗ ಕುಲುಮೆಯ ಕೋಣೆಯನ್ನು ಕತ್ತಲು ಮಾಡಿಕೊಳ್ಳುತ್ತಾರೆಂದು ನಾನೇ ಕ್ಲಾಸಿನಲ್ಲಿ ಬಾಯಿಪಾಠ ಒಪ್ಪಿಸಿದ್ದೆ.

ಕೆಂಪಗಾದ ಕುಡುಗೋಲನ್ನು ಇಕ್ಕಳದಲ್ಲಿ ಹಿಡಿದು, ಬಾಯಿ ಮಾತ್ರ ನೀರಿಗೆ ತಾಗುವಂತೆ ಅದ್ದಿದರು. ಬೆನ್ನು ಹೊರಗೇ ಉಳಿಯಿತು. ಜೇಡಿಮಣ್ಣು ಬೇಕಾಗಲಿಲ್ಲ. ಹೊರತೆಗೆದು ಬಾಯನ್ನು ಕಲ್ಲಿನಲ್ಲಿ ಒಂದು ಸಲ ತಿಕ್ಕಿ ಬೆಳ್ಳಗೆ ಮಾಡಿ, ಹಿಡಿದು ನೋಡುತ್ತಾ ನಿಂತರು. ಬೆನ್ನಿನಲ್ಲಿ ಉಳಿದ ಕಾವು ಮೆಲ್ಲಗೆ ಬಾಯಿಯತ್ತ ಹರಿಯಿತು. ಬೆಳ್ಳಗಿದ್ದ ಜಾಗ ಹಳದಿಗೆ ತಿರುಗಿತು. ‘ಈರುಳ್ಳಿ ಸಿಪ್ಪೆ’ ಅಂದವರೇ ಪೂರ್ತಿ ನೀರಿಗೆ ಹಾಕಿದರು. ನಾನು ಅರ್ಧ ನಿಮಿಷದಲ್ಲಿ ದಾಟಿ ನೀಲಿಗೆ ಹೋಗಿದ್ದ ಗಡಿ ಅದೇ.

ಮೊಬೈಲಿನಲ್ಲಿ ನಾಲ್ಕೂ ಕುಡುಗೋಲುಗಳ ವಿಡಿಯೊ ಮಾಡಿಕೊಂಡೆ. ಆಮೇಲೆ ನೋಡಿದರೆ ನಾಲ್ಕರಲ್ಲೂ ಬಣ್ಣ ಬೇರೆಬೇರೆ; ಕ್ಯಾಮೆರಾ ತನಗೆ ಬೇಕಾದಂತೆ ಬೆಳಕು ಸರಿಮಾಡಿಕೊಂಡಿತ್ತು. ಈರುಳ್ಳಿ ಸಿಪ್ಪೆಯ ಬಣ್ಣ ಒಂದರಲ್ಲೂ ಇಲ್ಲ. ಅವರ ಮಗ ಮೈಸೂರಿನ ಫ್ಯಾಕ್ಟರಿಯಲ್ಲಿ ಶಿಫ್ಟ್ ಮಾಡುತ್ತಾನೆ. ಕುಲುಮೆಗೆ ಬರುವವರು ಯಾರೂ ಇಲ್ಲ. ಅವನನ್ನು ನಾನು ದೂರುವಂತಿಲ್ಲ. ಮೆಕ್ಯಾನಿಕಲ್ ಓದುತ್ತಾ ನಾನೂ ಸಂಜೆ ಜಾವಾ ಕೋಚಿಂಗಿಗೆ ಹೋಗುತ್ತೇನೆ. ಪ್ಲೇಸ್‌ಮೆಂಟ್ ಸೆಲ್‌ನವರು ಕೇಳುವುದು ಅದನ್ನೇ. ಆದರೆ ತಿಂಗಳಿಗೆ ಎರಡು ಶನಿವಾರ ಆಚಾರ್ರ ಹತ್ತಿರ ಹೋಗುತ್ತಿದ್ದೇನೆ. ಇಲ್ಲಿಯವರೆಗೆ ಆರು ಕುಡುಗೋಲಿಗೆ ಹದ ಹಾಕಿದ್ದೇನೆ. ಎರಡು ಸೀಳಿದವು, ಮೂರು ಮೆತ್ತಗಾದವು.

ಉಜ್ಜಿ ಮುಗಿಸುವಷ್ಟರಲ್ಲಿ ಒಡಿಕತ್ತಿ ಅರ್ಧ ನೂಲಿನಷ್ಟು ಸವೆದಿತ್ತು. ಅಷ್ಟು ಅಗಲ ಇನ್ನು ಬರುವುದಿಲ್ಲ. ಏಪ್ರಿಲ್‌ನ ಮದುವೆಯಲ್ಲಿ ಬಾಳೆ ಕಡಿಯುವಾಗ ನಾನು ಜನರ ಹಿಂದೆ ನಿಂತಿದ್ದೆ. ಮೊದಲ ದಿಂಡು ಒಂದೇ ಏಟಿಗೆ ಬಿತ್ತು, ಎರಡನೆಯದೂ ಬಿತ್ತು, ಮೂರನೆಯದೂ. ದೊಡ್ಡಪ್ಪ ಕತ್ತಿಯನ್ನು ತೆಗೆದುಕೊಂಡು ಬಾಳೆಯ ನೀರು ಒರೆಸಿ, ನೀಲಿಯಾಗಿದ್ದ ಜಾಗವನ್ನು ಹೆಬ್ಬೆರಳಿನಲ್ಲಿ ಮೆಲ್ಲಗೆ ಸವರಿ ನೋಡಿದರು. ಆಮೇಲೆ ನನ್ನನ್ನು ಹತ್ತಿರ ಕರೆದು, ‘ಕೈಲ್‌ಪೋಳ್ದಿಗೆ ಇದನ್ನ ಉಜ್ಜೋಕೆ ನೀನೇ ಬಾ. ಆ ಉರುಟು ಕಲ್ಲು ತಗೊಂಡು ಬಾ’ ಅಂದರು.